ಒಂದು ತಲೆಗೆ ಮೂರು ಕಂಡೀಷನರ್ ಯಾಕೆ? ವಾಶ್ ಡೇ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಗುಂಗುರು ಕೂದಲು. ಒದ್ದೆಯಾದಾಗ ಅರ್ಧ ಬೆನ್ನಿಗೆ ಬರುತ್ತದೆ, ಒಣಗಿದರೆ ಭುಜದ ಮೇಲೆ ಹತ್ತಿ ಕೂರುತ್ತದೆ. ಓದಲು ಅಟ್ಲಾಂಟಾಕ್ಕೆ ಹೋಗಿದ್ದಾಗ ನನ್ನ ರೂಮ್‌ಮೇಟ್ ಆಗಿದ್ದವಳು ಒಬ್ಬ ಕಪ್ಪು ಅಮೆರಿಕನ್ ಹುಡುಗಿ. ತಲೆ ತೊಳೆಯುವುದನ್ನು ನಾನು ಸರಿಯಾಗಿ ಕಲಿತದ್ದು ಅವಳಿಂದ, ಅದೂ ಇಪ್ಪತ್ತಮೂರನೇ ವಯಸ್ಸಿನಲ್ಲಿ. ಈಗ ಬೆಂಗಳೂರಿನಲ್ಲಿದ್ದೇನೆ. ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಲಿಫ್ಟಿನಲ್ಲಿ ಕೂಡ, ಗುಂಗುರು ಕೂದಲಿನವರು ನಿಲ್ಲಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ವಾಶ್ ಡೇ ಅಂದರೆ ತಲೆಸ್ನಾನಕ್ಕೆ ಇನ್ನೊಂದು ಹೆಸರು, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಅಮೆರಿಕದ ಎಷ್ಟೋ ಕಪ್ಪು ಹೆಂಗಸರಿಗೆ ಇದು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಬರುವ ದೊಡ್ಡ ಕೆಲಸದ ದಿನ. ಸ್ಪ್ರಿಂಗಿನ ಹಾಗೆ ಬಿಗಿಯಾಗಿ ಸುತ್ತಿಕೊಂಡ ಕೂದಲನ್ನು ದಿನಾ ತೊಳೆಯಲು ಆಗುವುದಿಲ್ಲ, ತೊಳೆಯಬೇಕಾಗಿಯೂ ಇಲ್ಲ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಿನಲ್ಲಿ ಸರಾಗವಾಗಿ ಕೆಳಗಿಳಿಯುತ್ತದೆ. ಸುರುಳಿ ಕೂದಲಿನಲ್ಲಿ ಒಂದೊಂದು ತಿರುವಿನಲ್ಲೂ ನಿಂತು ನಿಂತು, ತುದಿ ಮುಟ್ಟುವುದೇ ಅಪರೂಪ. ಅದಕ್ಕೇ ನೆತ್ತಿ ಜಿಡ್ಡಾಗಿದ್ದರೂ ತುದಿ ತೆಂಗಿನ ನಾರಿನ ಹಾಗೆ ಒಣಗಿರುತ್ತದೆ. ಆ ದಿನ ಕೊಳೆ ತೆಗೆಯುವುದು ಸಣ್ಣ ಕೆಲಸ. ಸಿಕ್ಕು ಬಿಡಿಸಿ ಕೂದಲನ್ನು ಮೆತ್ತಗೆ ಮಾಡುವುದೇ ದೊಡ್ಡ ಕೆಲಸ.

ರೂಮ್‌ಮೇಟ್ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡುತ್ತಿದ್ದಳು. ಸಿಂಕಿನ ಪಕ್ಕ ಎಂಟು ಕ್ಲಿಪ್ಪು, ಅಗಲ ಹಲ್ಲಿನ ಬಾಚಣಿಗೆ, ನೀರು ತುಂಬಿದ ಸ್ಪ್ರೇ ಬಾಟಲಿ, ಒಂದು ಹಳೇ ಟೀ ಶರ್ಟು. ಏಳುವಾಗ ಮಧ್ಯಾಹ್ನ ಎರಡಾಗಿರುತ್ತಿತ್ತು. ಸ್ನೇಹಿತರು ಹೊರಗೆ ಕರೆದರೆ ‘ವಾಶ್ ಡೇ’ ಅನ್ನುತ್ತಿದ್ದಳು. ಬೇರೆ ಕಾರಣ ಯಾರೂ ಕೇಳುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನರಕ ಚತುರ್ದಶಿಯ ಎಣ್ಣೆ ಸ್ನಾನ. ಎಣ್ಣೆ ತಿಕ್ಕಿ ಕೂರಿಸುವುದು, ಸೀಗೆಪುಡಿ, ಹಂಡೆ ನೀರು, ಆಮೇಲೆ ಸಾಂಬ್ರಾಣಿ ಹೊಗೆ. ತಲೆಗೆ ಅರ್ಧ ದಿನ ಕೊಡುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು.

‘ನ್ಯಾಚುರಲ್ ಹೇರ್’ ಅಂದರೆ ಹರ್ಬಲ್ ಶಾಂಪೂ ಹಾಕಿದ ಕೂದಲಾ?

ಇಲ್ಲಿ ನಮ್ಮವರು ತಪ್ಪದೇ ಎಡವುತ್ತಾರೆ. ಅಂಗಡಿಯ ಶೆಲ್ಫಿನಲ್ಲಿ ನ್ಯಾಚುರಲ್ ಅಂದರೆ ಬೇವು, ಭೃಂಗರಾಜದ ಚಿತ್ರ ಇರುವ ಬಾಟಲಿ. ಆದರೆ ಈ ಮಾತಿನಲ್ಲಿ ನ್ಯಾಚುರಲ್ ಅಂದರೆ ರಿಲ್ಯಾಕ್ಸರ್ ಹಾಕಿ ನೇರ ಮಾಡಿಸದೆ, ಹುಟ್ಟಿದ ಸುರುಳಿಯನ್ನು ಹಾಗೇ ಬಿಟ್ಟ ಕಪ್ಪು ಜನರ ಕೂದಲು. ರಿಲ್ಯಾಕ್ಸರ್‌ಗಳಲ್ಲಿ ಹೆಚ್ಚಿನವು ಕಾಸ್ಟಿಕ್ ಸೋಡಾದಂಥ ಖಾರವಾದ ಕ್ಷಾರ. ಅದು ಕೂದಲೊಳಗಿನ ಗಂಧಕದ ಕೊಂಡಿಗಳನ್ನೇ ಮುರಿದು ಸುರುಳಿ ಬಿಡಿಸುತ್ತದೆ.

ಯಾಕೆ ಮುರಿಸಿಕೊಳ್ಳುತ್ತಿದ್ದರು? ಆ ಕೂದಲಿಗೆ ಮರ್ಯಾದೆ ಇರಲಿಲ್ಲ, ಅದಕ್ಕೆ. 1786ರಲ್ಲಿ, ಸ್ಪೇನಿನ ಕೈಯಲ್ಲಿದ್ದ ಲೂಸಿಯಾನಾದಲ್ಲಿ, ಗವರ್ನರ್ ಎಸ್ತೆಬಾನ್ ಮಿರೊ ಕಪ್ಪು ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಹುಕುಂ ಹೊರಡಿಸಿದ್ದ. ಅವರು ಆ ಬಟ್ಟೆಯನ್ನೇ ಬಣ್ಣ ಬಣ್ಣವಾಗಿ, ಚೆಂದವಾಗಿ ಕಟ್ಟಿಕೊಂಡರು ಅನ್ನುವುದು ಬೇರೆ ಮಾತು. 1960ರ ದಶಕದಲ್ಲಿ ಆಫ್ರೊ ಕೂದಲು ಹೋರಾಟದ ಗುರುತಾಯಿತು. 2000ದ ನಂತರ ಹೆಂಗಸರು ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಕಲಿಸಿಕೊಂಡು ರಿಲ್ಯಾಕ್ಸರ್ ಬಿಟ್ಟರು. ಕೆಲಸದ ಜಾಗದಲ್ಲಿ, ಶಾಲೆಯಲ್ಲಿ ಸುರುಳಿ ಕೂದಲು ಅಥವಾ ಜಡೆಗಳ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುವ ಕ್ರೌನ್ ಕಾಯ್ದೆ ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 2019ರಲ್ಲಿ. ಅಷ್ಟು ಈಚೆಗೆ! ಪ್ರೀ-ಪೂ (ಶಾಂಪೂಗೆ ಮುಂಚೆ ಹಚ್ಚುವುದು), ಡೀಪ್ ಕಂಡೀಷನ್ (ಶಾಂಪೂ ಆದ ಮೇಲೆ ಹಚ್ಚಿ ಸ್ವಲ್ಪ ಹೊತ್ತು ಬಿಡುವುದು), ಲೀವ್-ಇನ್ (ತೊಳೆಯದೆ ಕೂದಲಲ್ಲೇ ಬಿಡುವುದು) ಅಂತ ನಾವು ಈಗ ಸಲೀಸಾಗಿ ಹೇಳುವ ಮಾತುಗಳು ಬಳಕೆಯಲ್ಲಿ ಪಳಗಿದ್ದು ಆ ಹೆಂಗಸರ ಬಾತ್‌ರೂಮುಗಳಲ್ಲಿ.

ಅಷ್ಟು ಬಿಗಿ ಸುರುಳಿ ನಮ್ಮಲ್ಲಿ ಯಾರಿಗಿದೆ?

ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ಕಡೆಯ ಸಿದ್ದಿ ಸಮುದಾಯದವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಅವರಲ್ಲಿ ಅನೇಕರ ಕೂದಲು ನನ್ನ ರೂಮ್‌ಮೇಟ್ ಕೂದಲಿನಂಥದ್ದೇ. ಕೆಳಗೆ ಬರೆದಿರುವ ಕ್ರಮ ಅವರಿಗೆ ಹೆಚ್ಚು ಬದಲಾವಣೆ ಇಲ್ಲದೆ ಹೊಂದುತ್ತದೆ. ನಮ್ಮ ಅಂಗಡಿಗಳು ಮಾತ್ರ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಏನನ್ನೂ ತರಿಸುವುದಿಲ್ಲ.

ಉಳಿದ ನಾವು ಹೆಚ್ಚಿನವರು ಅಲೆ ಕೂದಲು, ದೊಡ್ಡ ಸುರುಳಿಯವರು. 1ರಿಂದ 4ರವರೆಗೆ ಅಂಕಿ ಕೊಡುವ ಪದ್ಧತಿ ಕೇಳಿರಬಹುದು. ಅದು ಓಪ್ರಾ ವಿನ್ಫ್ರೀಗೆ ಕೂದಲು ಮಾಡುತ್ತಿದ್ದ ಆಂಡ್ರೆ ವಾಕರ್ ಅವರದು. 1 ಅಂದರೆ ನೇರ, 4 ಅಂದರೆ ಅತಿ ಬಿಗಿ. ನನ್ನದು 3. ಅಂಕಿ ಕಡಿಮೆಯಾದಷ್ಟೂ ಕಂಡೀಷನರಿನ ಪದರ ಕಡಿಮೆ ಮಾಡಿ. ಈ ಒಂದು ಮಾತು ನೆನಪಿಟ್ಟುಕೊಂಡರೆ ತುಂಬಾ ದುಡ್ಡು ಉಳಿಯುತ್ತದೆ.

ಸರಿ, ಮೂರು ಕಂಡೀಷನರ್ ಯಾಕೆ? ಕಂಪನಿಯವರ ಆಟ ಅಲ್ವಾ?

ಅರ್ಧ ಆಟ, ಅರ್ಧ ನಿಜ. ಯಾವ ಅರ್ಧ ಅಂತ ತಿಳಿಯಬೇಕಾದರೆ ಕಂಡೀಷನರ್ ಏನು ಮಾಡುತ್ತದೆ ಅಂತ ಗೊತ್ತಿರಬೇಕು.

ಕೂದಲಿನ ಹೊರಮೈ ಮಂಗಳೂರು ಹೆಂಚಿನ ಮಾಡಿನ ಹಾಗೆ. ಹಲ್ಲೆಗಳು ಒಂದರ ಮೇಲೊಂದು, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ ಕೂತಿರುತ್ತವೆ. ಸುರುಳಿ ತಿರುಗುವ ಕಡೆಯೆಲ್ಲ ಹೆಂಚು ಸ್ವಲ್ಪ ಎದ್ದಿರುತ್ತದೆ. ಶಾಂಪೂ, ಬಾಚಣಿಗೆ, ಬಿಸಿಲು ಸೇರಿ ಇನ್ನಷ್ಟು ಎಬ್ಬಿಸುತ್ತವೆ. ಹಾಗೆ ಸವೆದ ಜಾಗಕ್ಕೆ ಮೈನಸ್ ಚಾರ್ಜ್ ಜಾಸ್ತಿ. ಕಂಡೀಷನರಿನಲ್ಲಿರುವ ಬೆಹೆಂಟ್ರಿಮೋನಿಯಮ್, ಸೆಟ್ರಿಮೋನಿಯಮ್ ಅನ್ನುವ ಉದ್ದ ಹೆಸರಿನ ವಸ್ತುಗಳಿಗೆ ಪ್ಲಸ್ ಚಾರ್ಜ್. ಅವು ಹೋಗಿ ಸವೆದ ಜಾಗಕ್ಕೇ ಅಂಟಿಕೊಳ್ಳುತ್ತವೆ. ಜೊತೆಯಲ್ಲಿರುವ ಸೀಟೈಲ್, ಸೀಟಿಯರಿಲ್ ಆಲ್ಕೋಹಾಲ್‌ಗಳು ಮೇಣದ ಹಾಗೆ ಜಾರು ಕೊಡುತ್ತವೆ. ಒಂದು ಕೂದಲು ಇನ್ನೊಂದರ ಮೇಲೆ ಜಾರಿದರೆ ಸಿಕ್ಕು ಬಿಡುತ್ತದೆ. ಕಥೆ ಇಷ್ಟೇ.

ಅಂಟಿಕೊಳ್ಳುವ ಜಾಗ ತುಂಬಿದ ಮೇಲೆ ಇನ್ನಷ್ಟು ಸುರಿದರೆ ಅದು ಹೋಗುವುದು ಚರಂಡಿಗೆ. ಹಾಗಾಗಿ ಒಂದರ ಹಿಂದೆ ಒಂದು ಮೂರು ಕಂಡೀಷನರ್ ಹಚ್ಚಿ ತೊಳೆಯುವುದು ಸುಮ್ನೆ ದಂಡ. ಪದರ ಪದರವಾಗಿ ಹಾಕುವುದು ಅಂದರೆ ಮೂರು ಬೇರೆ ಹೊತ್ತಿನಲ್ಲಿ, ಮೂರು ಬೇರೆ ಕೆಲಸಕ್ಕೆ ಹಾಕುವುದು. ಶಾಂಪೂಗೆ ಮುಂಚೆ ಸಿಕ್ಕು ಬಿಡಿಸಲು ಒಂದು. ಶಾಂಪೂ ಆದ ಮೇಲೆ ಮೆತ್ತಗಾಗಲು ಒಂದು. ತೊಳೆಯದೆ ಕೂದಲಲ್ಲೇ ಬಿಡಲು ಒಂದು. ಮೊದಲ ಎರಡಕ್ಕೂ ಒಂದೇ ಬಾಟಲಿ ಸಾಕಾಗಬಹುದು. ನನಗೆ ಸಾಕಾಗಿದೆ.

ಕ್ರಮ ಹೇಳಿ. ಮೊದಲು ಯಾವುದು, ಆಮೇಲೆ ಯಾವುದು?

ನನ್ನ ಭಾನುವಾರವನ್ನೇ ಹೇಳುತ್ತೇನೆ.

ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ಪು ಹಾಕುತ್ತೇನೆ. ರೂಮ್‌ಮೇಟ್ ಎಂಟು ಮಾಡುತ್ತಿದ್ದಳು. ಭಾಗ ಮಾಡದೆ ಶುರು ಮಾಡಿದರೆ ಬಿಡಿಸಿದ ಕೂದಲು ಬಿಡಿಸದ ಕೂದಲಿಗೆ ಮತ್ತೆ ಹೆಣೆದುಕೊಳ್ಳುತ್ತದೆ. ಒಂದು ಭಾಗಕ್ಕೆ ನೀರು ಸ್ಪ್ರೇ ಮಾಡಿ, ಅಗ್ಗದ, ತೆಳ್ಳನೆಯ, ಚೆನ್ನಾಗಿ ಜಾರುವ ಕಂಡೀಷನರ್ ಹಚ್ಚುತ್ತೇನೆ. ಇದು ಹೇಗೂ ಶಾಂಪೂ ಜೊತೆ ಹೋಗುತ್ತದೆ, ದುಬಾರಿಯದನ್ನು ಇಲ್ಲಿ ಹಾಕಬೇಡಿ. ಇದಕ್ಕೇ ಪ್ರೀ-ಪೂ ಅನ್ನುವುದು, ಅಂದರೆ ಶಾಂಪೂಗೆ ಮುಂಚಿನದು.

ಈಗ ಬೆರಳು. ಬಾಚಣಿಗೆ ಆಮೇಲೆ. ತುದಿಯಿಂದ ಎರಡು ಇಂಚು ಮೇಲೆ ಹಿಡಿದು, ತುದಿ ಬಿಡಿಸಿ, ಮತ್ತೆ ಎರಡು ಇಂಚು ಮೇಲೆ. ಹೀಗೆ ಬುಡಕ್ಕೆ ಹೋಗಬೇಕು. ನಾನು ಚಿಕ್ಕವಳಿದ್ದಾಗ ಅಮ್ಮ ಶಾಲೆಗೆ ಹೊತ್ತಾಯಿತು ಅಂತ ಒಣ ಕೂದಲಿಗೆ ಬುಡದಿಂದಲೇ ಬಾಚಣಿಗೆ ಇಳಿಸುತ್ತಿದ್ದಳು. ಕಿವಿಯ ಹಿಂದೆ ಬಂದು ಬಾಚಣಿಗೆ ನಿಲ್ಲುತ್ತಿತ್ತು. ಅಮ್ಮ ಎಳೆಯುತ್ತಿದ್ದಳು, ನನ್ನ ತಲೆ ಹಿಂದಕ್ಕೆ ಹೋಗುತ್ತಿತ್ತು, ಕಣ್ಣಲ್ಲಿ ನೀರು. ಬಾಚಣಿಗೆಯ ಹಲ್ಲು ಮುರಿದದ್ದೂ ಇದೆ. ತಪ್ಪು ಅಮ್ಮನದ್ದಲ್ಲ. ಅಮ್ಮನ ಕೂದಲು ನೇರ, ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಬುಡದಿಂದ ಎಳೆದರೆ ದಾರಿಯಲ್ಲಿರುವ ಸಣ್ಣ ಸಣ್ಣ ಸಿಕ್ಕೆಲ್ಲ ಕೆಳಗೆ ಹೋಗಿ ಒಂದೇ ಗಂಟಾಗುತ್ತದೆ.

ಬಿಡಿಸಿದ ಭಾಗವನ್ನು ಸಡಿಲವಾಗಿ ಹೆಣೆದು ಬಿಡುತ್ತೇನೆ. ನಾಲ್ಕೂ ಆದ ಮೇಲೆ ಉಗುರು ಬೆಚ್ಚಗಿನ ನೀರು, ಶಾಂಪೂ. ಶಾಂಪೂ ನೆತ್ತಿಗೆ ಮಾತ್ರ, ಬೆರಳ ತುದಿಯಿಂದ. ನೊರೆ ಇಳಿಯುವಾಗ ಉದ್ದಕ್ಕೆ ಬೇಕಾದಷ್ಟು ತೊಳೆದುಹೋಗುತ್ತದೆ. ತಲೆಯ ಮೇಲೆ ಎಲ್ಲ ಒಟ್ಟು ಮಾಡಿ ಬಟ್ಟೆ ಒಗೆದ ಹಾಗೆ ಉಜ್ಜಿದರೆ ಅರ್ಧ ಗಂಟೆಯ ಕೆಲಸ ಒಂದು ನಿಮಿಷದಲ್ಲಿ ಹಾಳು.

ನೀರು ಹಿಂಡಿ, ಎರಡನೆಯ ಕಂಡೀಷನರ್, ಅಂದರೆ ಡೀಪ್ ಕಂಡೀಷನರ್. ಹಿಂಡುವುದು ಮುಖ್ಯ. ನೀರು ಸುರಿಯುತ್ತಿರುವ ಕೂದಲಿಗೆ ಹಚ್ಚಿದರೆ ಅದು ತೆಳ್ಳಗಾಗಿ ಇಳಿದುಹೋಗುತ್ತದೆ. ಕಿವಿಯಿಂದ ಕೆಳಗೆ ಶುರು ಮಾಡಿ ತುದಿಗೆ ಜಾಸ್ತಿ. ಶವರ್ ಕ್ಯಾಪ್ ಹಾಕಿ, ಮೇಲೆ ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಒಂದು ಕಾಫಿ ಆಗುತ್ತದೆ.

ತೊಳೆದು, ಟೀ ಶರ್ಟಿನಲ್ಲಿ ಒತ್ತಿ, ಕೂದಲು ಇನ್ನೂ ಚೆನ್ನಾಗಿ ಒದ್ದೆ ಇರುವಾಗಲೇ ಮೂರನೆಯದು, ಲೀವ್-ಇನ್. ಅಂಗೈಯಲ್ಲಿ ಕಡಲೆಬೀಜದಷ್ಟು ಹಾಕಿಕೊಂಡು ಒಂದೊಂದು ಭಾಗಕ್ಕೆ ಸವರಬೇಕು. ಅದರ ಮೇಲೆ ಜೆಲ್. ಬಿಗಿ ಸುರುಳಿಯವರು ಜೆಲ್ ಬದಲು ದಪ್ಪ ಕ್ರೀಮು, ಎಣ್ಣೆ ಹಾಕುತ್ತಾರೆ. ನೀರಿನ ಅಂಶ, ಎಣ್ಣೆ, ಕ್ರೀಮು ಅನ್ನುವ ಕ್ರಮಕ್ಕೆ ಎಲ್‌ಒಸಿ (ಲಿಕ್ವಿಡ್, ಆಯಿಲ್, ಕ್ರೀಮ್) ಅಂತ ಹೆಸರು. ಎಣ್ಣೆ, ಕ್ರೀಮು ಅದಲುಬದಲಾದರೆ ಎಲ್‌ಸಿಒ. ಎರಡನ್ನೂ ಒಂದೊಂದು ತಿಂಗಳು ಮಾಡಿ ನೋಡಿ. ನಿಮ್ಮ ಕೂದಲಿಗೆ ಯಾವುದು ಅಂತ ಬೇರೆಯವರು ಹೇಳಲು ಆಗುವುದಿಲ್ಲ.

ಅಂದ ಹಾಗೆ, ಬಾತ್‌ರೂಮಿನ ನೆಲ ತೊಳೆಯದೆ ಹೊರಗೆ ಬರಬೇಡಿ. ಕಂಡೀಷನರ್ ಬಿದ್ದ ಟೈಲ್ಸ್ ಪಾಚಿಗಿಂತ ಜಾರುತ್ತದೆ. ನಿಮ್ಮ ನಂತರ ಅತ್ತೆಯೋ ಅಜ್ಜಿಯೋ ಒಳಗೆ ಹೋಗುತ್ತಾರೆ.

ಡೀಪ್ ಕಂಡೀಷನರ್ ಆದ ಮೇಲೆ ಮಾಮೂಲಿ ಕಂಡೀಷನರ್ ಮತ್ತೆ ಹಾಕಬೇಕಾ?

ಬೇಡ. ‘ಹೆಂಚು ಮುಚ್ಚಲು’ ಹಾಕಬೇಕು ಅಂತ ಕೆಲವರು ಹೇಳುತ್ತಾರೆ. ಡೀಪ್ ಕಂಡೀಷನರ್ ಕೂಡ ಸಾಮಾನ್ಯವಾಗಿ ಸ್ವಲ್ಪ ಹುಳಿ ಕಡೆಗೇ ಇರುತ್ತದೆ, ಆ ಕೆಲಸ ಅದೇ ಮಾಡುತ್ತದೆ. ಎರಡರ ಹಿಂದಿನ ಚೀಟಿ ಪಕ್ಕಪಕ್ಕ ಇಟ್ಟು ಓದಿ. ಮೊದಲ ಐದು ಹೆಸರು ಹೆಚ್ಚುಕಡಿಮೆ ಒಂದೇ. ಒಂದು ದಪ್ಪ, ಒಂದು ತೆಳು, ಅಷ್ಟೇ ವ್ಯತ್ಯಾಸ.

ಒಂದೇ ಒಂದು ಸಂದರ್ಭ ಬೇರೆ. ನಿಮ್ಮ ಡೀಪ್ ಕಂಡೀಷನರಿನಲ್ಲಿ ಪ್ರೋಟೀನ್ ಜಾಸ್ತಿ ಇದ್ದು, ತೊಳೆದ ಮೇಲೆ ಕೂದಲು ಬಿರುಸಾಗಿದ್ದರೆ, ಆಮೇಲೆ ಮೆತ್ತಗಿನದೊಂದನ್ನು ಎರಡು ನಿಮಿಷ ಹಾಕಿ ತೊಳೆಯಿರಿ.

ಪ್ರೋಟೀನ್ ಬೇಕಾ ಬೇಡವಾ, ಹೇಗೆ ಗೊತ್ತಾಗುತ್ತದೆ?

ಒದ್ದೆ ಕೂದಲು ಒಂದನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ರಬ್ಬರಿನ ಹಾಗೆ ಎಳೆದಷ್ಟೂ ಬಂದು, ವಾಪಸ್ ಹೋಗದೆ, ಸೇಮಿಗೆ ಹಾಗೆ ಮೆತ್ತಗಿದ್ದರೆ ಪ್ರೋಟೀನ್ ಇರುವ ಕಂಡೀಷನರ್ ಹಾಕಿ ನೋಡಿ. ಎಳೆಯುವ ಮೊದಲೇ ಟಕ್ ಅಂತ ತುಂಡಾದರೆ ಪ್ರೋಟೀನ್ ನಿಲ್ಲಿಸಿ. ಇದು ಲ್ಯಾಬ್ ಪರೀಕ್ಷೆಯಲ್ಲ, ಕೈ ಅಂದಾಜು.

ಮೊಟ್ಟೆ ಹಚ್ಚಿದರೆ ಆಗುತ್ತದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬಾಟಲಿಯಲ್ಲಿರುವುದು ಸಣ್ಣ ಸಣ್ಣ ತುಂಡು ಮಾಡಿದ ಪ್ರೋಟೀನ್, ಚೀಟಿಯಲ್ಲಿ ‘ಹೈಡ್ರೊಲೈಸ್ಡ್’ ಅಂತ ಇರುತ್ತದೆ. ಹಸಿ ಮೊಟ್ಟೆಯದು ದೊಡ್ಡದು, ಕೂದಲೊಳಗೆ ಹೋಗುವುದಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಮೊಟ್ಟೆ ಹಚ್ಚಿ ಹಂಡೆಯ ಬಿಸಿ ನೀರು ಹುಯ್ದುಕೊಂಡೆ. ಬೆಂದ ಬಿಳಿ ಚೂರುಗಳನ್ನು ಎರಡು ದಿನ ಆರಿಸಿದ್ದೇನೆ.

ಡೀಪ್ ಕಂಡೀಷನರ್ ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದಲ್ವಾ?

ಇಲ್ಲ. ಅಂಟಬೇಕಾದದ್ದು ಮೊದಲ ಕೆಲವು ನಿಮಿಷದಲ್ಲೇ ಬಹುಪಾಲು ಅಂಟಿರುತ್ತದೆ. ಅರ್ಧ ಗಂಟೆ ದಾಟಿದ ಮೇಲೆ ಸಿಗುವುದು ಒದ್ದೆ ದಿಂಬು ಮತ್ತು ನೆಗಡಿ ಬರುತ್ತದೆ ಅನ್ನುವ ಅಮ್ಮನ ಬೈಗುಳ. ನೀರು ಹೀರಿ ಉಬ್ಬಿದ ಕೂದಲು ಒಣ ಕೂದಲಿಗಿಂತ ಬಲಹೀನ. ಎಂಟು ಗಂಟೆ ಹಾಗೆ ಇಡುವುದರಲ್ಲಿ ಲಾಭವಿಲ್ಲ.

ಎಣ್ಣೆ ಎಲ್ಲಿ ಬರುತ್ತದೆ? ಮೊದಲಾ ಕೊನೆಗಾ?

ಎಣ್ಣೆಯನ್ನು ನೋಡಿ ಹೇಳಬೇಕು. ಕೊಬ್ಬರಿ ಎಣ್ಣೆ ಮೊದಲಿಗೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಮಿನರಲ್ ಎಣ್ಣೆಗಳನ್ನು ಹೋಲಿಸಿ ನೋಡಿದ್ದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲ ಸಣ್ಣದು, ನೆಟ್ಟಗಿನದು, ಕೂದಲೊಳಗೆ ನುಸುಳುತ್ತದೆ. ತಲೆಸ್ನಾನದ ಹಿಂದಿನ ರಾತ್ರಿ ಎಣ್ಣೆ ಹಚ್ಚುವ ನಮ್ಮ ಅಭ್ಯಾಸ ಸರಿಯಾಗಿಯೇ ಇತ್ತು. ಉದ್ದಕ್ಕೆ ಹಚ್ಚಿ, ಮಾರನೇ ದಿನ ಅದರ ಮೇಲೆಯೇ ನೀರು, ಸಿಕ್ಕು ಬಿಡಿಸುವ ಕಂಡೀಷನರ್.

ಹರಳೆಣ್ಣೆ ಕೊನೆಗೆ, ಲೀವ್-ಇನ್ ಆದ ಮೇಲೆ, ತುದಿಗೆ ಒಂದೆರಡು ಹನಿ. ಅದು ಒಳಗೆ ಹೋಗುವ ಎಣ್ಣೆಯಲ್ಲ, ಮೇಲೆ ಕೂತು ಮುಚ್ಚುವ ಎಣ್ಣೆ. ರೂಮ್‌ಮೇಟ್ ಬಳಿ ಕಪ್ಪಗಿನ, ಸುಟ್ಟ ವಾಸನೆಯ ಜಮೈಕಾದ ಹರಳೆಣ್ಣೆ ಇರುತ್ತಿತ್ತು. ಹರಳು ಹುರಿದು ತೆಗೆಯುವುದರಿಂದ ಆ ಬಣ್ಣ. ಮುಚ್ಚಳ ತೆಗೆದು ಮೂಸಿದೆ, ಅಜ್ಜಿ ಮನೆಯ ಹಿತ್ತಲು ಕಣ್ಣಿಗೆ ಬಂತು. ಅಲ್ಲೂ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ತೇಲಿದ ಎಣ್ಣೆ ತೆಗೆಯುತ್ತಿದ್ದರು. ಅವಳಿಗೆ ಹೇಳಿದರೆ ನಂಬಲಿಲ್ಲ. ಊರಿಂದ ಬರುವಾಗ ಒಂದು ಸಣ್ಣ ಬಾಟಲಿ ತಂದುಕೊಟ್ಟ ಮೇಲೆ ನಂಬಿದಳು.

ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಬಿಟ್ಟುಕೊಂಡು ಓಡಾಡಬೇಡಿ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಜಿಡ್ಡೇ ಊಟ.

ನಮ್ಮನೆಯಲ್ಲಿ ಬೋರ್‌ವೆಲ್ ನೀರು. ಏನು ಹಾಕಿದರೂ ಕೂದಲು ಪೊರಕೆ. ಏನು ಮಾಡಲಿ?

ಅಟ್ಲಾಂಟಾದಿಂದ ಬಂದ ಮೇಲೆ ನನ್ನದೂ ಇದೇ ಗೋಳು. ಅದೇ ಬಾಟಲಿಗಳನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದೆ. ಮೂರೇ ವಾರದಲ್ಲಿ ಕೂದಲು ಮುಟ್ಟಿದರೆ ಕರಕರ ಅನ್ನುತ್ತಿತ್ತು. ನಾಲ್ಕನೇ ಕಂಡೀಷನರ್ ಕೊಂಡೆ. ಆಗಲಿಲ್ಲ.

ಒಂದು ಭಾನುವಾರ ತಲೆ ತುಂಬಾ ಕಂಡೀಷನರ್ ಹಚ್ಚಿ ಕೂತಿದ್ದೇನೆ, ನಲ್ಲಿ ತಿರುಗಿಸಿದರೆ ಬರೀ ಗಾಳಿ. ಮೋಟರ್ ಸುಟ್ಟಿದೆ, ಟ್ಯಾಂಕರ್ ಬರುವುದು ಸಂಜೆಗೆ. ಬೇರೆ ದಾರಿಯಿಲ್ಲದೆ ಕುಡಿಯುವ ನೀರಿನ ಇಪ್ಪತ್ತು ಲೀಟರ್ ಕ್ಯಾನನ್ನು ಬಾತ್‌ರೂಮಿಗೆ ಎಳೆದು, ಚೊಂಬಿನಲ್ಲಿ ಲೆಕ್ಕ ಹಾಕಿ ಹಾಕಿ ತಲೆ ತೊಳೆದೆ. ಗಂಡ ಬಾಗಿಲಲ್ಲಿ ನಿಂತು ಕ್ಯಾನಿನ ದುಡ್ಡು ಎಣಿಸುತ್ತಿದ್ದ. ಸಂಜೆ ಕೂದಲು ಒಣಗಿತು ನೋಡಿ, ಅಟ್ಲಾಂಟಾದ ಕೂದಲು ವಾಪಸ್ ಬಂದಿತ್ತು. ಶಾಂಪೂ ಅದೇ, ಕಂಡೀಷನರ್ ಅದೇ. ನೀರು ಮಾತ್ರ ಬೇರೆ.

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಪ್ಲಸ್ ಚಾರ್ಜಿನವೇ. ಕಂಡೀಷನರ್ ಕೂರಬೇಕಾದ ಜಾಗದಲ್ಲಿ ಅವು ಮೊದಲೇ ಬಂದು ಕೂತಿರುತ್ತವೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಭಾರತೀಯ ಮಾನಕ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪಬಹುದು. ಅಳೆಯುವ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ. ಗೀಸರಿನ ಕಾಯಿಲ್ ಬಿಚ್ಚಿದಾಗ ಬಿಳಿ ಕಲ್ಲು ಕಟ್ಟಿದ್ದರೆ ಅಳೆಯುವುದೂ ಬೇಡ.

ಪ್ರತಿ ವಾರ ಕ್ಯಾನ್ ನೀರಿನಲ್ಲಿ ಸ್ನಾನ ಮಾಡಿ ಅಂತ ನಾನು ಹೇಳುತ್ತಿಲ್ಲ. ತಿಂಗಳಿಗೊಮ್ಮೆ ಕೀಲೇಟಿಂಗ್ ಶಾಂಪೂ ಹಾಕಿ. ಅದರಲ್ಲಿರುವ ಇಡಿಟಿಎಯಂಥ ವಸ್ತು ಕ್ಯಾಲ್ಸಿಯಂ ಹಿಡಿದುಕೊಂಡು ಹೊರಡುತ್ತದೆ. ಆವತ್ತೇ ಡೀಪ್ ಕಂಡೀಷನ್ ಮಾಡಿ, ಖಾಲಿಯಾದ ಜಾಗಕ್ಕೆ ಅದು ಚೆನ್ನಾಗಿ ಕೂರುತ್ತದೆ. ಕೊನೆಯ ಎರಡು ಚೊಂಬು ಮಾತ್ರ ಫಿಲ್ಟರ್ ನೀರು ಅಥವಾ ಕಾವೇರಿ ನೀರು. ಒಂದು ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಹುಯ್ದುಕೊಂಡರೂ ಕೂದಲು ನಯವಾಗುತ್ತದೆ. ನಿಂಬೆಹಣ್ಣು ನೇರವಾಗಿ ನೆತ್ತಿಗೆ ಹಿಂಡಬೇಡಿ, ಉರಿಯುತ್ತದೆ.

ದಾಸವಾಳದ ಸೊಪ್ಪು, ಮೆಂತ್ಯ, ಮತ್ತಿ ಸೊಪ್ಪು ಇದ್ದರೆ ಬಾಟಲಿ ಯಾಕೆ ಬೇಕು?

ಸಿಕ್ಕು ಬಿಡಿಸುವ ಪದರಕ್ಕೆ ಬೇಡವೇ ಬೇಡ. ಮಲೆನಾಡು, ಕರಾವಳಿಯವರು ಮತ್ತಿ ಸೊಪ್ಪನ್ನೋ ದಾಸವಾಳದ ಸೊಪ್ಪನ್ನೋ ನೀರಿನಲ್ಲಿ ಕಿವುಚಿ ತೆಗೆಯುವ ಲೋಳೆ ಇದೆಯಲ್ಲ, ಅದರ ಜಾರಿಗೆ ಸಾಟಿಯಾದ ಬಾಟಲಿಯನ್ನು ನಾನು ನೋಡಿಲ್ಲ. ರೂಮ್‌ಮೇಟ್ ಅಗಸೆ ಬೀಜ ಕುದಿಸಿ ಜೆಲ್ ಮಾಡಿಕೊಳ್ಳುತ್ತಿದ್ದಳು, ಲೆಕ್ಕ ಅದೇ. ಬಟ್ಟೆಯಲ್ಲಿ ಸೋಸಿ ಹಚ್ಚಿ. ಸುರುಳಿಯಲ್ಲಿ ಸೇರಿಕೊಂಡ ಸೊಪ್ಪಿನ ಚೂರು ಆಫೀಸಿನಲ್ಲಿ ಉದುರುವುದು ಚೆನ್ನಾಗಿರುವುದಿಲ್ಲ.

ಆದರೆ ಈ ಲೋಳೆಗೆ ಪ್ಲಸ್ ಚಾರ್ಜ್ ಇಲ್ಲ. ತೊಳೆದರೆ ಹೊರಟುಹೋಗುತ್ತದೆ. ಅದಕ್ಕೇ ಶಾಂಪೂ ಆದ ಮೇಲಿನ ಪದರಕ್ಕೆ ಬಾಟಲಿಯದೇ ಸರಿ ಅನ್ನುವುದು ನನ್ನ ಅನುಭವ. ಮತ್ತು ಮನೆಯಲ್ಲಿ ಮಾಡಿದ್ದು ಫ್ರಿಜ್ಜಿನಲ್ಲಿಟ್ಟರೂ ನಾಲ್ಕೈದು ದಿನಕ್ಕಿಂತ ಹೆಚ್ಚು ಇಡಬೇಡಿ.

ಶಾಂಪೂ ಬಿಟ್ಟು ಬರೀ ಕಂಡೀಷನರಿನಲ್ಲೇ ತೊಳೆಯಬಹುದಾ?

ಕೋ-ವಾಶ್ ಅನ್ನುತ್ತಾರೆ. ಎರಡು ವಾಶ್ ಡೇ ನಡುವೆ ಒಮ್ಮೆ ಆಗಬಹುದು. ಅದನ್ನೇ ಕಾಯಂ ಮಾಡಬೇಡಿ. ನಮ್ಮ ಧೂಳು, ಬೆವರು, ಹೆಲ್ಮೆಟ್ಟಿಗೆ ಅದು ಸಾಲದು.

ಚೀಟಿಯಲ್ಲಿ ಆಲ್ಕೋಹಾಲ್, ಸಿಲಿಕೋನ್ ಇದೆ. ಭಯವಾಗುತ್ತದೆ.

ಸೀಟೈಲ್, ಸ್ಟಿಯರಿಲ್, ಸೀಟಿಯರಿಲ್ ಆಲ್ಕೋಹಾಲ್ ಮೇಣದಂಥವು, ಕೂದಲು ಮೆತ್ತಗೆ ಮಾಡುತ್ತವೆ. ಸಿಲಿಕೋನ್ ವಿಷವಲ್ಲ, ಮಾಮೂಲಿ ಶಾಂಪೂಗೆ ಹೋಗುತ್ತದೆ. ಶಾಂಪೂ ಬಿಟ್ಟವರಿಗೆ ಮಾತ್ರ ಅದು ಪದರ ಕಟ್ಟುವ ತಲೆನೋವು.

ಲೀವ್-ಇನ್ ಮೇಲೆ ಜೆಲ್ ಹಾಕಿದರೆ ಹೊಟ್ಟಿನ ಹಾಗೆ ಬಿಳಿ ಬಿಳಿ ಬರುತ್ತದೆ. ಯಾಕೆ?

ಅವೆರಡಕ್ಕೂ ಆಗಿಬರುವುದಿಲ್ಲ. ಕೊಳ್ಳುವ ಮೊದಲು ಎರಡನ್ನೂ ಒಂದೊಂದು ತೊಟ್ಟು ಅಂಗೈಯಲ್ಲಿ ಹಾಕಿ ಉಜ್ಜಿ. ನುಣ್ಣಗೆ ಬೆರೆತರೆ ಸರಿ. ಹಾಲು ಒಡೆದ ಹಾಗೆ ತರಿತರಿಯಾದರೆ ತಲೆಯ ಮೇಲೂ ಹಾಗೇ ಆಗುತ್ತದೆ. ಟೆಸ್ಟರ್ ಇಲ್ಲದ ಅಂಗಡಿಯಲ್ಲಿ ಸ್ಯಾಶೆ ಸಿಕ್ಕರೆ ಅದನ್ನೇ ಮೊದಲು ಕೊಳ್ಳಿ.

ಮಂಗಳೂರು, ಕಾರವಾರದ ಸೆಕೆಯಲ್ಲಿರುವವರು ಗ್ಲಿಸರಿನ್ ಮೊದಲ ಸಾಲಿನಲ್ಲಿರುವ ಲೀವ್-ಇನ್ ಬಿಡಿ. ಅದು ಗಾಳಿಯ ನೀರನ್ನು ಎಳೆದುಕೊಂಡು ಕೂದಲನ್ನು ಉಬ್ಬಿಸುತ್ತದೆ.

ತೊಳೆದ ದಿನ ಕೈ ತುಂಬಾ ಕೂದಲು ಬರುತ್ತದೆ. ಕಂಡೀಷನರಿನಿಂದಲೇ ಉದುರುತ್ತಿದೆಯಾ?

ಎಲ್ಲರೂ ಹೆದರುವುದು ಇಲ್ಲಿ. ಲೆಕ್ಕ ಹಾಕೋಣ. ಯಾರಿಗೇ ಆದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲಿನವರಿಗೆ ಅದು ದಿನಾ ನೆಲಕ್ಕೆ, ದಿಂಬಿಗೆ, ಸಾರಿಗೆ ಬೀಳುತ್ತದೆ. ಸುರುಳಿ ಕೂದಲಿನಲ್ಲಿ ಉದುರಿದ್ದು ಅಲ್ಲೇ ಸಿಕ್ಕಿಕೊಂಡಿರುತ್ತದೆ. ನಾವು ವಾರವಿಡೀ ಬಾಚುವುದೂ ಇಲ್ಲ. ಏಳು ದಿನದ್ದು ಒಟ್ಟಿಗೆ ಬಂದರೆ 350ರಿಂದ 700. ನಿಂಬೆಹಣ್ಣಿನ ಗಾತ್ರದ ಉಂಡೆ ಆಗುತ್ತದೆ.

ಒಂದೆರಡು ಕೂದಲು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದ ತಾನಾಗಿ ಬಂದದ್ದು. ಗುಂಡಿಲ್ಲದ ತುಂಡು ತುಂಡು ಜಾಸ್ತಿ ಇದ್ದರೆ ಮುರಿಯುತ್ತಿದೆ ಅಂತ, ಸಿಕ್ಕು ಬಿಡಿಸುವ ಕೈ ನಿಧಾನ ಮಾಡಿ. ನೆತ್ತಿ ಅಲ್ಲಲ್ಲಿ ಬೋಳಾಗಿ ಕಾಣುತ್ತಿದ್ದರೆ ಅದು ಕಂಡೀಷನರಿನ ವಿಷಯವೇ ಅಲ್ಲ, ಚರ್ಮದ ಡಾಕ್ಟರ ಹತ್ತಿರ ಹೋಗಿ.

ಮಗಳಿಗೆ ಆರು ವರ್ಷ. ಮೂರು ಪದರ ಅಂದರೆ ಅವಳು ಕೂರುವುದಿಲ್ಲ.

ಬೇಡ. ಸಿಕ್ಕು ಬಿಡಿಸಲು ಒಂದು, ಅದನ್ನೇ ಶಾಂಪೂ ಆದ ಮೇಲೆ ಎರಡು ನಿಮಿಷ, ಸಾಕು. ಅವಳ ಕೈಗೂ ಒಂದು ಬಾಚಣಿಗೆ, ಒಂದು ಗೊಂಬೆ ಕೊಡಿ. ತುದಿಯಿಂದ ಶುರು ಮಾಡಬೇಕು ಅಂತ ಗೊಂಬೆಯ ತಲೆಯಲ್ಲಿ ಕಲಿಯುತ್ತಾಳೆ. ‘ಎಂಥಾ ಕೂದಲೋ ನಿಂದು’ ಅಂತ ಮಾತ್ರ ಅನ್ನಬೇಡಿ. ನಾನು ಹತ್ತು ವರ್ಷ ಕೇಳಿದ್ದೇನೆ, ಸಿಕ್ಕಿಗಿಂತ ಅದು ಜಾಸ್ತಿ ಎಳೆಯುತ್ತಿತ್ತು.

ಒಟ್ಟು ಎಷ್ಟು ಹೊತ್ತು ಬೇಕು?

ನನಗೆ ಈಗ ಒಂದೂಕಾಲು ಗಂಟೆ, ಒಣಗುವ ಹೊತ್ತು ಬಿಟ್ಟು. ಶುರುವಿನಲ್ಲಿ ಮೂರು ಗಂಟೆ ಆಗುತ್ತಿತ್ತು. ರೂಮ್‌ಮೇಟ್‌ಗೆ ಈಗಲೂ ನಾಲ್ಕೇ. ಅವಳ ಭಾನುವಾರ ಬೆಳಿಗ್ಗೆ ನಮಗೆ ಭಾನುವಾರ ಸಂಜೆ. ಅವಳು ತಲೆಗೆ ಟವೆಲ್ ಸುತ್ತಿಕೊಂಡು ಇಪ್ಪತ್ತು ನಿಮಿಷ ಕೂರುವಾಗ ವಿಡಿಯೊ ಕಾಲ್ ಮಾಡುತ್ತಾಳೆ. ಮೊದಲು ಕೇಳುವುದು, ‘ಈ ವಾರ ನಿಮ್ಮ ಟ್ಯಾಂಕಿನಲ್ಲಿ ನೀರಿತ್ತಾ?’